ಆಭಾ ಆ್ಯಪ್ ವಿಮರ್ಶೆ: ಓದುವವರಿಗೆ ಬೀಗ, ಬರೆಯುವವರಿಗೆ ತೆರೆದ ಬಾಗಿಲು

ಆಭಾ ಎಂದರೆ ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್. 14 ಅಂಕಿಯ ಒಂದು ಸಂಖ್ಯೆ, ಇಮೇಲ್‌ನಂತೆ ಕಾಣುವ ಒಂದು ಆಭಾ ವಿಳಾಸ, ಎರಡನ್ನೂ ನೋಡಿಕೊಳ್ಳಲು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಉಚಿತ ಆ್ಯಪ್. 2020ರ ಆಗಸ್ಟ್ 15ರಂದು ಘೋಷಣೆಯಾಗಿ, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಚಾಲನೆ ಸಿಕ್ಕಿದ ಈ ವ್ಯವಸ್ಥೆಯಲ್ಲಿ ಈಗ 70 ಕೋಟಿಗೂ ಹೆಚ್ಚು ಸಂಖ್ಯೆಗಳಿವೆ. ಹಳೆಯ ಚೀಟಿ, ಲ್ಯಾಬ್ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ ಎಲ್ಲ ಫೋನಿನಲ್ಲೇ ಸಿಗುವುದು ಎಷ್ಟು ಅನುಕೂಲ ಎಂಬುದನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ಇಲ್ಲಿ ನೋಡುವುದು ಒಂದೇ ಸಂಗತಿ: ನಿಮ್ಮ ಹೆಸರಿನಲ್ಲಿ ಬೇರೊಬ್ಬರು ಚಿಕಿತ್ಸೆ ಪಡೆದರೆ, ಅಥವಾ ಪಡೆದಂತೆ ಬಿಲ್ ಸೃಷ್ಟಿಯಾದರೆ, ಈ ಆ್ಯಪ್ ಎಷ್ಟು ಕಾಪಾಡುತ್ತದೆ?

ನಮ್ಮ ಅಂಕ ಹೀಗಿದೆ. ನಿಮ್ಮ ದಾಖಲೆಯನ್ನು ಯಾರು ಓದಬಹುದು ಎಂಬ ನಿಯಂತ್ರಣಕ್ಕೆ ಐದರಲ್ಲಿ ನಾಲ್ಕು. ನಿಮ್ಮ ಹೆಸರಿನಡಿ ಯಾರು ಏನು ಬರೆದು ಸೇರಿಸಬಹುದು ಎಂಬುದಕ್ಕೆ ಐದರಲ್ಲಿ ಒಂದೂವರೆ. ವೈದ್ಯಕೀಯ ಗುರುತಿನ ಕಳವು ನಡೆಯುವುದು ಬಹುಪಾಲು ಈ ಎರಡನೆಯ ಬಾಗಿಲಿನಿಂದಲೇ ಆದ್ದರಿಂದ ಒಟ್ಟು ಅಂಕವನ್ನು ಸರಾಸರಿ ತೆಗೆದು ಹೇಳುವುದರಲ್ಲಿ ಅರ್ಥವಿಲ್ಲ.

ಬ್ಯಾಂಕ್ ಖಾತೆಯಿಂದ ದುಡ್ಡು ಹೋದರೆ ಆ ಕ್ಷಣವೇ ಎಸ್ಸೆಮ್ಮೆಸ್ ಬರುತ್ತದೆ. ಆರೋಗ್ಯದ ಗುರುತು ಕಳುವಾದರೆ ತಿಂಗಳುಗಟ್ಟಲೆ ಏನೂ ಗೊತ್ತಾಗದೇ ಹೋಗಬಹುದು. ಗೊತ್ತಾಗುವ ಹೊತ್ತಿಗೆ ನಿಮ್ಮ ಫೈಲಿನಲ್ಲಿ ಇನ್ನೊಬ್ಬರ ರಕ್ತದ ಗುಂಪು, ಇನ್ನೊಬ್ಬರ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಒಗ್ಗದ ಔಷಧಿಯ ಹೆಸರು ಕೂತಿರುತ್ತದೆ. ರಕ್ತ ಕೊಡುವ ಮುನ್ನ ಆಸ್ಪತ್ರೆಯವರು ಅದು ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂದು ಕ್ರಾಸ್ ಮ್ಯಾಚ್ ಮಾಡುತ್ತಾರೆ, ಅಲ್ಲಿ ತಪ್ಪು ಸಿಕ್ಕಿಬೀಳಬಹುದು. ಅಲರ್ಜಿಗೆ ಅಂಥ ಎರಡನೇ ತಪಾಸಣೆ ಇಲ್ಲ. ನಿಮಗೆ ಪೆನಿಸಿಲಿನ್ ಆಗಿಬರುವುದಿಲ್ಲ ಎಂಬ ಸಾಲು ಇರಬೇಕಾದ ಕಡೆ 'ಅಲರ್ಜಿ ಇಲ್ಲ' ಎಂದಿದ್ದರೆ, ಪ್ರಜ್ಞೆಯಿಲ್ಲದೆ ಎಮರ್ಜೆನ್ಸಿಗೆ ಬಂದವರ ಪರವಾಗಿ ಹೇಳುವವರು ಯಾರು?

ಮೊದಲು ನೋಂದಣಿ. ಬಹಳ ಮಂದಿ 'ನಾನಿನ್ನೂ ಆಭಾ ಮಾಡಿಸಿಲ್ಲ' ಎನ್ನುತ್ತಾರೆ. 2021ರಲ್ಲಿ ಕೋವಿಡ್ ಲಸಿಕೆಗೆ ಆಧಾರ್ ತೋರಿಸಿದ ಅನೇಕರಿಗೆ ಆಗಲೇ ಹೆಲ್ತ್ ಐಡಿ ಸೃಷ್ಟಿಯಾಗಿತ್ತು. ಆದ್ದರಿಂದ ಹೊಸದು ಮಾಡುವ ಮೊದಲು ಹಳೆಯದು ಇದೆಯೇ ನೋಡಿ: ಆಭಾ ವೆಬ್‌ಸೈಟಿನಲ್ಲಿ ಆಧಾರ್ ಸಂಖ್ಯೆ ಹಾಕಿ ಓಟಿಪಿ ಕೊಟ್ಟರೆ ಈಗಾಗಲೇ ಇರುವ ಖಾತೆಯೇ ತೆರೆದುಕೊಳ್ಳುತ್ತದೆ. ವಿಳಾಸ 'ಗವ್ ಡಾಟ್ ಇನ್' ಎಂದೇ ಮುಗಿಯಬೇಕು. ವಾಟ್ಸ್ಆ್ಯಪ್‌ನಲ್ಲಿ ಬರುವ 'ಆಯುಷ್ಮಾನ್ ಕಾರ್ಡ್ ಅರ್ಜಿ' ಎಂಬ ಎಪಿಕೆ ಫೈಲನ್ನು, ಅಂದರೆ ಫೋನಿಗೆ ಆ್ಯಪ್ ಇಳಿಸುವ ಫೈಲನ್ನು, ಒತ್ತಿದರೆ ಕಾರ್ಡ್ ಸಿಗುವುದಿಲ್ಲ, ಫೋನಿಗೆ ಬರುವ ಓಟಿಪಿಗಳೆಲ್ಲ ಬೇರೆಯವರ ಕೈ ಸೇರುತ್ತವೆ.

ಒಬ್ಬರ ಆಧಾರ್‌ಗೆ ಆಭಾ ಸಂಖ್ಯೆ ಒಂದೇ. ಆಭಾ ವಿಳಾಸಗಳು ಮಾತ್ರ ಒಂದಕ್ಕಿಂತ ಹೆಚ್ಚು ಇರಬಹುದು. ಆಧಾರ್ ಇಲ್ಲದೆ ಬರೀ ಮೊಬೈಲ್ ನಂಬರಿನಿಂದ ವಿಳಾಸ ಮಾಡಿಕೊಂಡರೆ ಹೆಸರು, ಹುಟ್ಟಿದ ದಿನ, ಲಿಂಗ ಎಲ್ಲವೂ ಅರ್ಜಿದಾರರೇ ಟೈಪ್ ಮಾಡಿದ್ದು. ಪರಿಶೀಲನೆಯಾಗಿದ್ದು ಮೊಬೈಲ್ ನಂಬರು ಮಾತ್ರ. ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಆದ ಖಾತೆಗೂ ಆಗದ ಖಾತೆಗೂ ಆ್ಯಪ್‌ನಲ್ಲಿ ಬೇರೆ ಬೇರೆ ಗುರುತಿದೆ, ಆದರೆ ನೂರು ಜನ ಸಾಲಿನಲ್ಲಿ ನಿಂತಿರುವಾಗ ಕೌಂಟರಿನಲ್ಲಿ ಅದನ್ನು ನೋಡುವ ವ್ಯವಧಾನ ಯಾರಿಗೆ?

ಇಡೀ ವ್ಯವಸ್ಥೆಯ ಬೀಗದ ಕೈ ಮೊಬೈಲ್ ನಂಬರು. ನಮ್ಮ ದೃಷ್ಟಿಯಲ್ಲಿ ಅತಿ ದುರ್ಬಲ ಕೊಂಡಿಯೂ ಅದೇ. ಒಂದು ನಂಬರಿಗೆ ಬಂದ ಓಟಿಪಿ ಹಾಕಿದರೆ ಆ ನಂಬರಿಗೆ ಜೋಡಿಸಿದ ಆಭಾ ವಿಳಾಸಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಮನೆಮಂದಿಗೆಲ್ಲ ಒಂದೇ ಫೋನ್ ಇರುವ ಕಡೆ ಇದು ಅನುಕೂಲವೂ ಹೌದು, ಅಪಾಯವೂ ಹೌದು. ಇದಕ್ಕಿಂತ ಕೆಟ್ಟದ್ದು ಬಿಟ್ಟುಹಾಕಿದ ಸಿಮ್. ರೀಚಾರ್ಜ್ ಮಾಡದೆ ಕಡಿತಗೊಂಡ ನಂಬರು 90 ದಿನಗಳ ನಂತರ ಬೇರೊಬ್ಬರ ಪಾಲಾಗಬಹುದು. ಆಭಾದಲ್ಲಿ ಹಳೆಯ ನಂಬರೇ ಉಳಿದಿದ್ದರೆ ಓಟಿಪಿ ಹೋಗುವುದು ಆ ಹೊಸ ಗ್ರಾಹಕನಿಗೆ. ನಂಬರು ಬದಲಿಸಿದವರು ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ ತಿಳಿಸುತ್ತಾರೆ. ಆಧಾರ್‌ನಲ್ಲಿ ಬದಲಿಸಿದರೆ ಆಭಾದಲ್ಲೂ ಬದಲಾಯಿತು ಎಂದುಕೊಂಡು ಸುಮ್ಮನಾಗುತ್ತಾರೆ. ಎರಡೂ ಬೇರೆ. ಆಭಾದ ಪ್ರೊಫೈಲಿನಲ್ಲಿ ಮೊಬೈಲ್ ಬದಲಿಸುವ ಆಯ್ಕೆಯನ್ನು ಪ್ರತ್ಯೇಕವಾಗಿ ಒತ್ತಿ, ಹೊಸ ನಂಬರಿನ ಓಟಿಪಿ ಕೊಡಬೇಕು. ಊರಿನಲ್ಲಿ ಸೈಬರ್ ಸೆಂಟರಿನವರು ಮಾಡಿಕೊಟ್ಟ ಕಾರ್ಡಾದರೆ ಈ ಜಾಗದಲ್ಲಿ ಯಾರ ನಂಬರಿದೆ ಎಂದು ಇವತ್ತೇ ನೋಡುವುದು ಒಳ್ಳೆಯದು. ಓಟಿಪಿ ಬೇಗ ಬರಲಿ ಎಂದು ತಮ್ಮದೇ ನಂಬರು ಹಾಕಿರುವ ಸಾಧ್ಯತೆ ಇದೆ.

ಮೆಚ್ಚಲೇಬೇಕಾದ ಭಾಗ ಅನುಮತಿಯದು. ನಿಮ್ಮ ದಾಖಲೆಗಳು ಯಾವುದೋ ಒಂದು ಸರ್ಕಾರಿ ಗೋದಾಮಿನಲ್ಲಿ ಒಟ್ಟಾಗಿ ಇಲ್ಲ. ಆಯಾ ಆಸ್ಪತ್ರೆಯ, ಲ್ಯಾಬಿನ ಸರ್ವರಿನಲ್ಲೇ ಇರುತ್ತವೆ, ಆಭಾ ಅವುಗಳ ಕೊಂಡಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಹೊಸ ವೈದ್ಯರು ಹಳೆಯ ದಾಖಲೆ ನೋಡಬೇಕಾದರೆ ನಿಮ್ಮ ಆ್ಯಪ್‌ಗೆ ಕೋರಿಕೆ ಬರುತ್ತದೆ. ಅದರಲ್ಲಿ ಕೇಳುತ್ತಿರುವವರು ಯಾರು, ಉದ್ದೇಶವೇನು, ಯಾವ ಬಗೆಯ ದಾಖಲೆ, ಯಾವ ದಿನದಿಂದ ಯಾವ ದಿನದವರೆಗಿನದು, ಅನುಮತಿ ಎಂದು ಮುಗಿಯುತ್ತದೆ ಎಂಬುದೆಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಕಣ್ಣು ಮುಚ್ಚಿ ಒಪ್ಪಬೇಡಿ, ತಿದ್ದಬಹುದು. ಮೂಳೆ ವೈದ್ಯರಿಗೆ ಐದು ವರ್ಷದ ಹಿಂದಿನ ಮನೋವೈದ್ಯರ ಚೀಟಿ ಬೇಕಿಲ್ಲ ಎನಿಸಿದರೆ ಅದರ ಮುಂದಿನ ಟಿಕ್ ಗುರುತು ತೆಗೆಯಿರಿ. ಅವಧಿ ಒಂದು ವರ್ಷ ಎಂದು ಕೇಳಿದ್ದರೆ ಒಂದು ದಿನಕ್ಕೆ ಇಳಿಸಿ. ಉದ್ದೇಶದ ಸಾಲನ್ನು ಮಾತ್ರ ತಪ್ಪದೆ ಓದಿ. ಚಿಕಿತ್ಸೆಗೆ, ವಿಮೆ ಪಾವತಿಗೆ, ಸಂಶೋಧನೆಗೆ ಬೇರೆ ಬೇರೆ ಉದ್ದೇಶಗಳಿವೆ. ಚಿಕಿತ್ಸೆಗೆಂದು ಕೂತಿರುವಾಗ 'ಪಾವತಿ' ಎಂಬ ಕೋರಿಕೆ ಬಂದರೆ ಕಾರಣ ಕೇಳುವ ಹಕ್ಕು ನಿಮ್ಮದು. ಕೊಟ್ಟ ಅನುಮತಿಯನ್ನು ಆಮೇಲೆ ಹಿಂಪಡೆಯಬಹುದು, ಆದರೆ ಅಷ್ಟರೊಳಗೆ ಇಳಿಸಿಕೊಂಡ ಪ್ರತಿಯನ್ನು ಆ್ಯಪ್ ಎಳೆದು ತರಲಾರದು. ದಾಖಲೆಗಳ ಪ್ರತಿಯನ್ನು ಕೂಡಿಡುವ ಹೆಲ್ತ್ ಲಾಕರ್ ಜೋಡಿಸುವಾಗ ಕೋರಿಕೆಗಳನ್ನು ತಾನಾಗಿಯೇ ಒಪ್ಪುವ ಆಯ್ಕೆ ಎದುರಾದರೆ ಅದಕ್ಕೆ ಬೇಡ ಎನ್ನಿ. ನಾಲ್ಕು ಅಂಕ ಕೊಟ್ಟದ್ದೇ ಈ ಒಂದೊಂದಾಗಿ ಕೇಳುವ ಗುಣಕ್ಕೆ, ಅದನ್ನೇ ಬಿಟ್ಟುಕೊಟ್ಟರೆ ಉಳಿಯುವುದೇನು?

ಈಗ ಬರೆಯುವ ಕಡೆ. ಆಸ್ಪತ್ರೆಯ ದಾಖಲೆ ನಿಮ್ಮ ಆಭಾಗೆ ಸೇರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ನೀವೇ ಆ್ಯಪ್‌ನಲ್ಲಿ ಆಸ್ಪತ್ರೆಯ ಹೆಸರು ಹುಡುಕಿ ಜೋಡಿಸುವುದು ಒಂದು. ಆಗ ಆಸ್ಪತ್ರೆಯ ತಂತ್ರಾಂಶ ನಿಮ್ಮ ಮೊಬೈಲ್, ಹೆಸರು, ಲಿಂಗ, ಹುಟ್ಟಿದ ವರ್ಷ ತಾಳೆ ನೋಡಿ, ಆಸ್ಪತ್ರೆಯಲ್ಲಿ ದಾಖಲಾಗಿರುವ ನಂಬರಿಗೆ ಓಟಿಪಿ ಕಳಿಸುತ್ತದೆ. ಇನ್ನೊಂದು, ಆಸ್ಪತ್ರೆಯ ಕಡೆಯಿಂದಲೇ ಜೋಡಣೆ: ನೋಂದಣಿ ಹೊತ್ತಿನಲ್ಲಿ ಆಭಾ ಕೊಟ್ಟಿದ್ದರೆ, ವಿವರ ತಾಳೆಯಾದರೆ, ದಾಖಲೆ ತಾನಾಗಿ ಬಂದು ಕೂರುತ್ತದೆ. ಎರಡರಲ್ಲೂ ಪರೀಕ್ಷೆಯಾಗುವುದು ವಿವರಗಳು. ಎದುರಿಗೆ ಕೂತ ರೋಗಿ ಅದೇ ವ್ಯಕ್ತಿಯೇ ಎಂದು ಯಾವ ಸಾಫ್ಟ್‌ವೇರೂ ನೋಡುವುದಿಲ್ಲ. ಅದು ಕೌಂಟರಿನಲ್ಲಿ ಕೂತವರ ಕೆಲಸ.

ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಗೋಡೆಗೆ ಅಂಟಿಸಿರುವ ಕ್ಯೂಆರ್ ಕೋಡ್, ಅಂದರೆ 'ಸ್ಕ್ಯಾನ್ ಅಂಡ್ ಶೇರ್', 2022ರ ಅಕ್ಟೋಬರ್‌ನಲ್ಲಿ ಬಂತು. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ, ಆಭಾ ಸಂಖ್ಯೆ ಎಲ್ಲ ಆಸ್ಪತ್ರೆಗೆ ಹೋಗಿ ಟೋಕನ್ ನಂಬರು ಬರುತ್ತದೆ. ಉದ್ದ ಸಾಲು ಕರಗುತ್ತದೆ, ಹೆಸರಿನ ಅಕ್ಷರ ತಪ್ಪುವುದು ನಿಲ್ಲುತ್ತದೆ. ಗುರುತಿನ ವಿಚಾರದಲ್ಲಿ ಮಾತ್ರ ಇದು ಫೋನನ್ನು ನಂಬುತ್ತದೆ, ಮನುಷ್ಯನನ್ನಲ್ಲ. ಮಗ ತನ್ನ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಪ್ರೊಫೈಲ್ ಬದಲಿಸುವುದನ್ನು ಮರೆತು, ಅಪ್ಪನನ್ನು ಒಳಗೆ ಕಳಿಸಿದರೆ ಅಪ್ಪನ ಬಿಪಿ ಮಗನ ಖಾತೆಗೆ ಬೀಳುತ್ತದೆ. ಇಲ್ಲಿ ಕಳ್ಳನೇ ಇಲ್ಲ, ಫಲ ಮಾತ್ರ ಕಳ್ಳತನದ್ದೇ. ಟೋಕನ್ ಬಂದ ಕೂಡಲೇ ಅದರ ಮೇಲಿನ ಹೆಸರು ಓದಿ. ವೈದ್ಯರ ಕೊಠಡಿಗೆ ಹೋದ ಮೇಲೆ ತಿದ್ದಿಸುವುದಕ್ಕಿಂತ ಕೌಂಟರಿನಲ್ಲೇ ಟೋಕನ್ ರದ್ದು ಮಾಡಿಸುವುದು ಸುಲಭ.

ತಿಳಿದೂ ಮಾಡುವ ಇನ್ನೊಂದು ಬಗೆ ನಮ್ಮಲ್ಲಿ ಧಾರಾಳವಾಗಿದೆ. ತಮ್ಮನಿಗೆ ವಿಮೆ ಇಲ್ಲ, ಅಣ್ಣನ ಕಾರ್ಡಿನಲ್ಲಿ ಸೇರಿಸೋಣ, ಇಬ್ಬರ ಮುಖವೂ ಹೆಚ್ಚುಕಡಿಮೆ ಒಂದೇ. ಸಂಬಂಧಿಕರ ನಡುವಿನ ಉಪಕಾರ ಎಂದೇ ಎಲ್ಲರೂ ಭಾವಿಸುತ್ತಾರೆ. ತಮ್ಮನಿಗೆ ಹಾಕಿದ ಸ್ಟೆಂಟು ಅಣ್ಣನ ದಾಖಲೆಯಲ್ಲಿ ಉಳಿಯುತ್ತದೆ. ನಾಲ್ಕು ವರ್ಷದ ನಂತರ ಅಣ್ಣನಿಗೆ ನಿಜಕ್ಕೂ ಎದೆನೋವು ಬಂದಾಗ ವೈದ್ಯರು ಇಲ್ಲದ ಸ್ಟೆಂಟಿನ ಲೆಕ್ಕ ಹಿಡಿದು ಯೋಚಿಸುತ್ತಾರೆ. 'ಅದು ನನ್ನದಲ್ಲ' ಎನ್ನಬೇಕಾದರೆ ವಂಚನೆಯನ್ನು ಒಪ್ಪಿಕೊಳ್ಳಬೇಕು. ಭಾರತೀಯ ನ್ಯಾಯ ಸಂಹಿತೆಯ 319ನೇ ಸೆಕ್ಷನ್ನಿನಡಿ ಬೇರೆಯವರಂತೆ ನಟಿಸಿ ವಂಚಿಸಿದರೆ ಐದು ವರ್ಷದವರೆಗೆ ಜೈಲು ಸಾಧ್ಯ.

ಆಭಾ ಕಾರ್ಡಿಗೂ ಆಯುಷ್ಮಾನ್ ಕಾರ್ಡಿಗೂ ಇರುವ ಗೊಂದಲವೇ ವಂಚಕರ ದೊಡ್ಡ ಬಂಡವಾಳ. ಆಭಾ ಬರೀ ಗುರುತು, ಅದರಿಂದ ಒಂದು ರೂಪಾಯಿ ಚಿಕಿತ್ಸೆಯೂ ಉಚಿತವಾಗುವುದಿಲ್ಲ. 2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಯೋಜನೆಯ ಕಾರ್ಡಿನಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆ ಇದೆ. ಕರ್ನಾಟಕದಲ್ಲಿ ಇದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ 'ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ' ಎಂದು ನಡೆಯುತ್ತದೆ. ಕಳುವಾಗುವ ದುಡ್ಡು ಇರುವುದು ಇಲ್ಲಿ. ಯಾರೋ ನಿಮ್ಮ ಹೆಸರಲ್ಲಿ ದಾಖಲಾದಂತೆ ತೋರಿಸಿ ಎರಡು ಲಕ್ಷ ಎತ್ತಿದರೆ, ಆ ವರ್ಷ ನಿಮ್ಮ ಮನೆಯವರೆಲ್ಲರ ಪಾಲಿಗೆ ಉಳಿಯುವುದು ಮೂರೇ ಲಕ್ಷ.

ಇದು ಊಹೆಯ ಮಾತಲ್ಲ. 2023ರ ಆಗಸ್ಟ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯ ಪ್ರಕಾರ ಈ ಯೋಜನೆಯ 7,49,820 ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರಿತ್ತು: ಹತ್ತು ಒಂಬತ್ತುಗಳು. ದತ್ತಾಂಶದಲ್ಲಿ ಮೃತರೆಂದು ಗುರುತಿಸಿದ್ದ 3,446 ಮಂದಿಗೆ ಆಮೇಲೂ ಚಿಕಿತ್ಸೆಯ ಹಣ ಪಾವತಿಯಾಗಿತ್ತು. ಖಾಲಿ ಜಾಗ ತುಂಬಿಸಲು ಯಾವುದೋ ನಂಬರು ಒತ್ತಿದ್ದು ಸಣ್ಣ ಸೋಮಾರಿತನ ಎನಿಸಬಹುದು. ಆದರೆ ಹಾಗೆ ಒತ್ತಿದ ಕಡೆಯೆಲ್ಲ ನಿಜವಾದ ಫಲಾನುಭವಿಗೆ ಎಚ್ಚರಿಕೆಯ ಎಸ್ಸೆಮ್ಮೆಸ್ ಹೋಗುವ ದಾರಿಯೇ ಮುಚ್ಚಿತು. 2024ರ ನವೆಂಬರ್‌ನಲ್ಲಿ ಅಹಮದಾಬಾದಿನ ಖ್ಯಾತಿ ಆಸ್ಪತ್ರೆಯ ಪ್ರಕರಣ ಸುದ್ದಿಯಾಯಿತು. ಹಳ್ಳಿಯಲ್ಲಿ ಉಚಿತ ಶಿಬಿರ ನಡೆಸಿ ಜನರನ್ನು ಕರೆತಂದು ಹೃದಯದ ಚಿಕಿತ್ಸೆ ಮಾಡಲಾಗಿತ್ತು, ಇಬ್ಬರು ಸತ್ತರು. ಅನರ್ಹರಿಗೆ ಆಯುಷ್ಮಾನ್ ಕಾರ್ಡ್ ಮಾಡಿಕೊಡುತ್ತಿದ್ದ ಜಾಲವೂ ಅದರ ಬೆನ್ನಿಗೇ ಹೊರಬಿತ್ತೆಂದು ಪೊಲೀಸರು ಹೇಳಿದರು. ಶಿಬಿರಕ್ಕೆ ಹೋಗಬೇಡಿ ಎಂದಲ್ಲ. ಬಿಪಿ ನೋಡುವುದಕ್ಕೆ ಬೆರಳಚ್ಚು ಏಕೆ ಎಂದು ಕೇಳಿ. ಬಿಪಿ, ಶುಗರ್ ತಪಾಸಣೆಗೆ ಆಧಾರ್ ದೃಢೀಕರಣದ ಅಗತ್ಯವಿಲ್ಲ. ಆಯುಷ್ಮಾನ್ ಆ್ಯಪ್‌ನಲ್ಲಿ ಕುಟುಂಬದ ಉಳಿದ ಮೊತ್ತ ಕಾಣುತ್ತದೆ, ಆಗಾಗ ನೋಡಿ. ಕಡಿಮೆಯಾಗಿದ್ದರೆ ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ ಯಾವ ಆಸ್ಪತ್ರೆ, ಯಾವ ದಿನ ಎಂದು ಕೇಳಿ ದೂರಿನ ಸಂಖ್ಯೆ ಪಡೆಯಿರಿ.

ಖಾಸಗಿ ವಿಮೆಯಲ್ಲಿ ಪೆಟ್ಟು ತಡವಾಗಿ ಬೀಳುತ್ತದೆ. ನಿಮ್ಮ ದಾಖಲೆಯಲ್ಲಿ ಎಂದೋ ಸೇರಿದ ತಪ್ಪು ಸಕ್ಕರೆ ಕಾಯಿಲೆ ಕ್ಲೇಮ್ ಹೊತ್ತಿನಲ್ಲಿ 'ಮುಚ್ಚಿಟ್ಟ ಹಳೆಯ ಕಾಯಿಲೆ'ಯಾಗಿ ಎದ್ದು ನಿಲ್ಲುತ್ತದೆ. ಸತತ 60 ತಿಂಗಳು ಪಾಲಿಸಿ ನಡೆಸಿದ್ದರೆ ಮುಚ್ಚಿಟ್ಟ ಕಾರಣ ಹೇಳಿ ಕ್ಲೇಮ್ ನಿರಾಕರಿಸುವಂತಿಲ್ಲ, ಆದರೆ ವಂಚನೆ ಸಾಬೀತಾದರೆ ಆ ರಕ್ಷಣೆ ಇಲ್ಲ. ಪ್ರತಿ ನವೀಕರಣದ ಮುನ್ನ ಕಂಪನಿಗೆ ಒಂದು ಇಮೇಲ್ ಹಾಕಿ ಈವರೆಗಿನ ಕ್ಲೇಮ್‌ಗಳ ಪಟ್ಟಿ ತರಿಸಿಕೊಳ್ಳಿ. ನೀವು ಹೋಗದ ಆಸ್ಪತ್ರೆಯ ಹೆಸರು ಅದರಲ್ಲಿದ್ದರೆ ಲಿಖಿತವಾಗಿ ಅಲ್ಲಗಳೆಯಿರಿ. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕವಿಲ್ಲ.

ಆಭಾವನ್ನು ಗಟ್ಟಿಮಾಡಬೇಕಾದರೆ ಆಧಾರ್‌ನಿಂದ ಶುರುಮಾಡಬೇಕು, ಯಾಕೆಂದರೆ ಎಲ್ಲದಕ್ಕೂ ಬುಡ ಅದೇ. ಮೈ ಆಧಾರ್ ಪುಟದಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿದರೆ ಬೆರಳಚ್ಚು, ಕಣ್ಣು, ಮುಖದ ದೃಢೀಕರಣ ನಿಲ್ಲುತ್ತದೆ. ಯಾರಾದರೂ ಯತ್ನಿಸಿದರೆ ಯಂತ್ರ 330 ಎಂಬ ದೋಷಸಂಖ್ಯೆ ತೋರಿಸುತ್ತದೆ. ಪಡಿತರಕ್ಕೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಇಡುವವರು, ಆಯುಷ್ಮಾನ್ ಆಸ್ಪತ್ರೆಗೆ ದಾಖಲಾಗುವವರು ಅಲ್ಲಿ ತಲುಪಿ, ತಮ್ಮ ಸರದಿ ಬಂದಾಗ ತಾತ್ಕಾಲಿಕವಾಗಿ ತೆರೆಯಬೇಕು. ಹತ್ತು ನಿಮಿಷದಲ್ಲಿ ಅದು ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಲಾಕ್ ಓಟಿಪಿಯನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ. ಅದೇ ಪುಟದಲ್ಲಿ ದೃಢೀಕರಣದ ಇತಿಹಾಸ ಸಿಗುತ್ತದೆ, ಕಳೆದ ಆರು ತಿಂಗಳದ್ದು, ಒಮ್ಮೆಗೆ 50 ನಮೂದುಗಳವರೆಗೆ. ಆಸ್ಪತ್ರೆಯನ್ನೇ ತುಳಿಯದ ತಿಂಗಳಲ್ಲಿ ಆರೋಗ್ಯ ಸಂಸ್ಥೆಯ ನಮೂದಿದ್ದರೆ ಅದನ್ನು ಹಿಡಿದುಕೊಳ್ಳಿ, ಮುಂದೆ ಪೊಲೀಸರಿಗೆ ಕೊಡುವ ಮೊದಲ ಕಾಗದ ಅದೇ.

ಜೆರಾಕ್ಸ್ ಕೊಡಬೇಕಾದ ಕಡೆ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ, ಅಡ್ಡಲಾಗಿ ಆಸ್ಪತ್ರೆಯ ಹೆಸರು, ತಾರೀಖು ಬರೆಯಿರಿ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ರಿಸೆಪ್ಷನ್‌ನವರಿಗೆ ವಾಟ್ಸ್ಆ್ಯಪ್ ಮಾಡಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ ಸೇರಿದರೆ ಆ ಪಾಸ್‌ವರ್ಡ್. ಹೆಸರು, ವಯಸ್ಸು ಎರಡೂ ಅವರು ಕೊಟ್ಟ ಚೀಟಿಯ ಮೇಲೆಯೇ ಇರುತ್ತವೆ.

ನಿಮ್ಮದಲ್ಲದ ದಾಖಲೆ ಆಭಾದಲ್ಲಿ ಕಂಡರೆ ಏನು ಮಾಡಬೇಕು ಎಂಬುದನ್ನು ಆ್ಯಪ್ ಸ್ಪಷ್ಟವಾಗಿ ಹೇಳುವುದಿಲ್ಲ. ನಮ್ಮ ದೊಡ್ಡ ತಕರಾರು ಇದೇ. ಹೊಸ ದಾಖಲೆ ಸೇರಿದಾಗ ಸೂಚನೆ ಬರುತ್ತದೆ, ಪಕ್ಕದಲ್ಲೇ 'ಇದು ನನ್ನದಲ್ಲ' ಎಂಬ ಒಂದು ಗುಂಡಿ ಇದ್ದಿದ್ದರೆ ಅಂಕ ಒಂದೂವರೆಯಲ್ಲಿ ನಿಲ್ಲುತ್ತಿರಲಿಲ್ಲ. ಈಗ ಕೈಯಾರೆ ಮಾಡಬೇಕಾದ ಕೆಲಸ ಹೀಗಿದೆ. ಗಾಬರಿಯಾಗಿ ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್: ಆಸ್ಪತ್ರೆಯ ಹೆಸರು, ದಿನಾಂಕ, ಆಸ್ಪತ್ರೆ ರೋಗಿಗೆ ಕೊಡುವ ಯುಹೆಚ್‌ಐಡಿ ಸಂಖ್ಯೆ ಕಾಣುವಂತೆ. ಆಮೇಲೆ ಆ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ, ಅಂದರೆ ಎಂಆರ್‌ಡಿಗೆ, ಪತ್ರ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪತ್ರದಲ್ಲಿ ಕೇಳಬೇಕಾದದ್ದು ದಾಖಲೆಯ ಪ್ರತಿ, ದಾಖಲಾತಿ ವೇಳೆ ಕೊಟ್ಟ ಗುರುತಿನ ಚೀಟಿಯ ಪ್ರತಿ, ಒಪ್ಪಿಗೆ ಪತ್ರದ ಮೇಲಿನ ಸಹಿ, ಬಿಲ್ಲು. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ರೋಗಿ ಕೇಳಿದ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕಾದ್ದರಿಂದ ತಡಮಾಡಿದರೆ ನಷ್ಟ ನಿಮಗೆ.

ಇಲ್ಲೊಂದು ತೊಡಕಿದೆ. 'ಚಿಕಿತ್ಸೆ ಪಡೆದದ್ದು ನಾನಲ್ಲ' ಎಂದು ನೀವು ಬರೆದುಕೊಟ್ಟ ಕೂಡಲೇ, 'ಹಾಗಾದರೆ ಇದು ಬೇರೆ ರೋಗಿಯ ಖಾಸಗಿ ಮಾಹಿತಿ, ನಿಮಗೆ ಕೊಡಲಾಗದು' ಎಂಬ ಉತ್ತರ ಬರಬಹುದು. ಅದಕ್ಕೇ ಪತ್ರದ ಒಕ್ಕಣೆ ಮುಖ್ಯ. ಮೊದಲ ಪತ್ರದಲ್ಲಿ 'ನನ್ನ ಹೆಸರು ಮತ್ತು ಆಭಾ ಸಂಖ್ಯೆಯಡಿ ಇರುವ ಎಲ್ಲ ದಾಖಲೆಗಳ ಪ್ರತಿ' ಎಂದಷ್ಟೇ ಕೇಳಿ. ಪ್ರತಿ ಕೈಗೆ ಬಂದ ಮೇಲೆ ಎರಡನೆಯ ಪತ್ರದಲ್ಲಿ ಅಲ್ಲಗಳೆಯಿರಿ. ಆಸ್ಪತ್ರೆ ಆ ದಾಖಲೆಯನ್ನು ಪೂರ್ತಿ ಅಳಿಸಲು ಒಪ್ಪುವುದು ಕಷ್ಟ, ಅಳಿಸಲೂಬಾರದು, ಅದೇ ಸಾಕ್ಷ್ಯ. 'ಈ ನಮೂದು ಸದರಿ ವ್ಯಕ್ತಿಗೆ ಸೇರಿದ್ದಲ್ಲ' ಎಂಬ ಷರಾ ಹಾಕಿಸಿ, ಆಭಾ ಕೊಂಡಿ ಬಿಡಿಸಿ, ಹಾಗೆ ಮಾಡಿದ್ದಕ್ಕೆ ಲಿಖಿತ ಪ್ರತಿ ಪಡೆಯುವುದು ನಿಮ್ಮ ಗುರಿಯಾಗಿರಲಿ.

ಪೊಲೀಸ್ ದೂರಿಗೆ ಕರ್ನಾಟಕದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಗುರುತಿನ ಕಳವಿಗೆಂದೇ ಇದೆ, ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹಣವೂ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೂರಿನ ಪ್ರತಿಯನ್ನು ವಿಮೆ ಕಂಪನಿಗೂ ಆಸ್ಪತ್ರೆಗೂ ಕಳಿಸಿದರೆ ಎರಡೂ ಕಡೆ ಕಡತ ಬೇಗ ಅಲುಗಾಡುತ್ತದೆ.

ಇಷ್ಟೆಲ್ಲ ತಲೆನೋವು ಬೇಡ, ಆಭಾವನ್ನೇ ತೆಗೆದುಬಿಡೋಣ ಎನ್ನುವವರಿಗೆ ಆ ಆಯ್ಕೆಯೂ ಇದೆ: ತಾತ್ಕಾಲಿಕ ನಿಷ್ಕ್ರಿಯತೆ ಅಥವಾ ಶಾಶ್ವತ ಅಳಿಸುವಿಕೆ. ಅಳಿಸಿದರೆ ಹೋಗುವುದು ಕೊಂಡಿ ಮಾತ್ರ, ಆಸ್ಪತ್ರೆಗಳ ಸರ್ವರಿನಲ್ಲಿರುವ ದಾಖಲೆ ಅಲ್ಲೇ ಇರುತ್ತದೆ, ತಪ್ಪಿದ್ದರೆ ತಪ್ಪೂ ಸೇರಿ. ಅದನ್ನು ನೋಡುವ ನಿಮ್ಮ ಕಿಟಕಿಯಷ್ಟೇ ಮುಚ್ಚುತ್ತದೆ. ಹೆಚ್ಚು ಬಳಸದವರು ನಿಷ್ಕ್ರಿಯಗೊಳಿಸಿ ಇಡಬಹುದು. ವಯಸ್ಸಾದ ತಂದೆತಾಯಿಯ ಖಾತೆಯನ್ನು ದೂರದ ಊರಿನಿಂದಲೋ ವಿದೇಶದಿಂದಲೋ ನೋಡಿಕೊಳ್ಳುವ ಮಕ್ಕಳು ಮಾತ್ರ ಅದನ್ನು ಚಾಲ್ತಿಯಲ್ಲೇ ಇಡುವುದು ಲೇಸು: ತಂದೆತಾಯಿಯ ಕೈಲಿರುವ ಚಾಲ್ತಿ ನಂಬರನ್ನೇ ಜೋಡಿಸಿ, ಪಾಸ್‌ವರ್ಡ್ ಇಟ್ಟು, ತಿಂಗಳಿಗೊಮ್ಮೆ ಜೋಡಣೆಯಾದ ಆಸ್ಪತ್ರೆಗಳ ಪಟ್ಟಿಯನ್ನು ಅವರ ಜೊತೆ ಫೋನಿನಲ್ಲಿ ಒಂದೊಂದಾಗಿ ಓದಿ ತಾಳೆ ನೋಡಿ.